ಮಾತ್ಸು ವರ್ಗ: ವೇಗ ಕಡಿಮೆ, ಆಯುಷ್ಯ ಗಟ್ಟಿ

ನೀವು ಕೇಳಿದ್ದು: 35 ನಾಟ್ (ಗಂಟೆಗೆ ಸುಮಾರು 65 ಕಿ.ಮೀ.) ಓಡುವ ಡಿಸ್ಟ್ರಾಯರ್‌ಗಳನ್ನು, ಅಂದರೆ ವೇಗದ ಯುದ್ಧನೌಕೆಗಳನ್ನು, ಕಟ್ಟುತ್ತಿದ್ದ ಜಪಾನ್, 1944ರಲ್ಲಿ 28 ನಾಟ್ ಕೂಡ ಮುಟ್ಟದ ಮಾತ್ಸು ವರ್ಗಕ್ಕೆ ಇಳಿದದ್ದೇಕೆ, ಅವು ಕಳಪೆ ಹಡಗುಗಳೇ?

ಕಳಪೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಕದನಗಳಲ್ಲಿ ಕಳೆದುಕೊಂಡ ಒಳ್ಳೆಯ ಹಡಗುಗಳ ಜಾಗ ತುಂಬಲು ಸಮಯವಿರಲಿಲ್ಲ. ಸುಮಾರು 1,260 ಟನ್ನಿನ ಈ ಬೆಂಗಾವಲು ಹಡಗುಗಳನ್ನು ತಿಂಗಳುಗಳಲ್ಲೇ ಕಟ್ಟಬಹುದಿತ್ತು. ಮೊದಲನೆಯದಾದ ಮಾತ್ಸುವಿನ ಕೆಲಸ 1943ರ ಆಗಸ್ಟ್‌ನಲ್ಲಿ ಆರಂಭವಾಗಿ ಮರುವರ್ಷ ಏಪ್ರಿಲ್‌ಗೆ ಮುಗಿಯಿತು.

ನಿಜವಾದ ಜಾಣ್ಮೆ ಇರುವುದು ಹೊಟ್ಟೆಯೊಳಗೆ. ಬಾಯ್ಲರ್ ಕೋಣೆ, ಎಂಜಿನ್ ಕೋಣೆ, ಮತ್ತೆ ಬಾಯ್ಲರ್, ಮತ್ತೆ ಎಂಜಿನ್ ಎಂದು ಸರದಿಯಲ್ಲಿ ಜೋಡಿಸಿದ್ದರು. ಹಳೆಯ ವೇಗದ ಹಡಗುಗಳಲ್ಲಿ ಒಂದು ಟಾರ್ಪೆಡೊ ಎಲ್ಲವನ್ನೂ ನಿಲ್ಲಿಸಿಬಿಡಬಹುದಿತ್ತು; ಇಲ್ಲಿ ಒಂದು ಜೋಡಿ ಹೋದರೂ ಇನ್ನೊಂದು ಹಡಗನ್ನು ಎಳೆಯುತ್ತಿತ್ತು.

ಇದೇ ವರ್ಗದ 'ತಾಕೆ'ಯನ್ನೇ ನೋಡಿ. 1944ರ ಡಿಸೆಂಬರ್ 2-3ರ ನಡುರಾತ್ರಿ ಫಿಲಿಪೀನ್ಸ್‌ನ ಓರ್ಮಾಕ್ ಕೊಲ್ಲಿಯಲ್ಲಿ ಮೂರು ದೊಡ್ಡ ಅಮೆರಿಕನ್ ಡಿಸ್ಟ್ರಾಯರ್‌ಗಳು ಎದುರಾದವು. ಜೊತೆಗಿದ್ದ ಇದೇ ವರ್ಗದ 'ಕುವಾ' ಮುಳುಗಿತು. ತಾಕೆ ಬಿಟ್ಟ ಟಾರ್ಪೆಡೊ ಆ ಅಮೆರಿಕನ್ ಹಡಗುಗಳಲ್ಲೊಂದಾದ 'ಕೂಪರ್' ಅನ್ನು ಎರಡು ತುಂಡು ಮಾಡಿತು. ಅದರಲ್ಲಿದ್ದ 191 ಮಂದಿ ಸತ್ತರು. ತಾಕೆ ಮಾತ್ರ ಪೆಟ್ಟು ತಿಂದೂ ಯುದ್ಧ ಮುಗಿಯುವವರೆಗೆ ಉಳಿಯಿತು.

ಅಂದ ಹಾಗೆ, ತಾಕೆ ಎಂದರೆ ಬಿದಿರು, ಮಾತ್ಸು ಎಂದರೆ ಪೈನ್, ಕುವಾ ಎಂದರೆ ಹಿಪ್ಪುನೇರಳೆ. ಇದೇ ವಂಶದ 'ನಾಶಿ'ಯನ್ನು ಯುದ್ಧಾನಂತರ ಸಮುದ್ರದಿಂದ ಮೇಲೆತ್ತಿ, 1956ರಲ್ಲಿ 'ವಾಕಾಬಾ' ಎಂಬ ಹೆಸರಿನಲ್ಲಿ ಮತ್ತೆ ಸೇವೆಗೆ ಇಳಿಸಿದರು. ವಾಕಾಬಾ ಎಂದರೆ ಎಳೆಯ ಚಿಗುರು!