ಬೀಳದ ಗೋಲಿನ ಲೆಕ್ಕ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ 1996ರ ಯೂರೋ ಕಪ್ ಫುಟ್‌ಬಾಲ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಚೆಕ್ ತಂಡದ ಪೊಬೊರ್ಸ್ಕಿ, ನೆಡ್ವೆಡ್, ಬೆರ್ಗರ್ ಅಂಥವರನ್ನು ಒಂದೊಂದು ಪ್ಯಾರಾದಲ್ಲಿ ಮುಗಿಸಿ, ಮಿರೊಸ್ಲಾವ್ ಕಡ್ಲೆಟ್ಸ್ ಎಂಬ ಡಿಫೆಂಡರ್‌ಗೆ ಇಡೀ ಪುಟ ಕೊಟ್ಟಿದ್ದೀರಿ. ಇದು ಯಾವ ನ್ಯಾಯ? ದೇಶಕ್ಕಾಗಿ 64 ಪಂದ್ಯ ಆಡಿ ಹೊಡೆದದ್ದು 2 ಗೋಲು. ಅವರು ಆಡುತ್ತಿದ್ದ ಲಿಬೆರೊ ಎಂಬ ಜಾಗವೇ ಈಗ ಇಲ್ಲ. ಜನ ಮೈದಾನಕ್ಕೆ ಹೋಗುವುದು ಗೋಲು ನೋಡುವುದಕ್ಕೆ. ಇನ್ನು ಮುಂದಾದರೂ ಗೋಲು ಹೊಡೆದವರ ಬಗ್ಗೆ ಬರೆಯಿರಿ.” — ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಸಂತೋಷವಾಯಿತು. 64 ಮತ್ತು 2 ಎಂದು ಅಂಕಿ ಹುಡುಕಿ ಬರೆದಿದ್ದೀರಿ, ಎರಡೂ ಸರಿ. ಇಷ್ಟು ಶ್ರದ್ಧೆಯಿಂದ ಓದಿ ಜಗಳಕ್ಕೆ ಬರುವ ಓದುಗರಿದ್ದರೆ ಪತ್ರಿಕೆಗೆ ಇನ್ನೇನು ಬೇಕು. ಆದರೆ ಆ 2 ಎಂಬ ಅಂಕಿಯ ಹತ್ತಿರ ಸ್ವಲ್ಪ ನಿಲ್ಲೋಣ.

1996ರ ಜೂನ್ 26, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್. ಯೂರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಮತ್ತು ಚೆಕ್ ಗಣರಾಜ್ಯ 120 ನಿಮಿಷ ಆಡಿದರೂ 0-0. ಪೆನಾಲ್ಟಿ ಶೂಟೌಟ್‌ನಲ್ಲಿ ಫ್ರಾನ್ಸ್ ಪರ ಜಿದಾನ್‌ನಿಂದ ಬ್ಲಾಂವರೆಗೆ ಐವರೂ ಹೊಡೆದರು. ಚೆಕ್ ಪರ ಕುಬಿಕ್, ನೆಡ್ವೆಡ್, ಬೆರ್ಗರ್, ಪೊಬೊರ್ಸ್ಕಿ, ರಾಡಾ, ಅವರೂ ಐವರು ಹೊಡೆದರು. ಆರನೆಯವರಾಗಿ ಬಂದ ಫ್ರಾನ್ಸಿನ ರೆನಾಲ್ಡ್ ಪೆದ್ರೋಸ್ ಒದ್ದ ಚೆಂಡನ್ನು ಚೆಕ್ ಗೋಲಿ (ಗೋಲ್‌ಕೀಪರ್) ಪೆತ್ರ್ ಕೌಬಾ ತಡೆದರು. ಆಗ ನಡೆದು ಬಂದವರು 5ನೇ ನಂಬರಿನ ನಾಯಕ ಕಡ್ಲೆಟ್ಸ್. ನಾಲ್ಕು ದಿನದ ಹಿಂದಷ್ಟೇ ಅವರಿಗೆ 32 ತುಂಬಿತ್ತು. ಹೊಡೆದರು, 6-5. ಸ್ಲೊವಾಕಿಯಾದಿಂದ ಬೇರೆಯಾದ ಮೇಲೆ ಆಡಿದ ಮೊದಲ ದೊಡ್ಡ ಟೂರ್ನಿಯಲ್ಲೇ ಆ ದೇಶ ಫೈನಲ್ ತಲುಪಿತು.

ಆ ಒದೆತ ನಿಮ್ಮ 2ರಲ್ಲಿ ಇಲ್ಲ. ಶೂಟೌಟ್‌ನಲ್ಲಿ ಹೊಡೆದದ್ದು ಆಟಗಾರನ ಗೋಲಿನ ಖಾತೆಗೆ ಜಮೆಯಾಗುವುದಿಲ್ಲ. ದಾಖಲೆ ಪುಸ್ತಕದಲ್ಲಿ ಆ ಪಂದ್ಯ ಡ್ರಾ. ಅಂದರೆ ಗೋಲಿನ ತಕ್ಕಡಿಯಲ್ಲೇ ತೂಗಿದರೂ ಈ ಮನುಷ್ಯನ ಅತಿ ದೊಡ್ಡ ಒದೆತ ತಟ್ಟೆಯ ಹೊರಗೇ ಉಳಿಯುತ್ತದೆ. ಇನ್ನು ಅವರು ಬೀಳದಂತೆ ನೋಡಿಕೊಂಡ ಗೋಲುಗಳಿಗೆ ತಕ್ಕಡಿಯೇ ಇಲ್ಲ.

ಗೋಲು ಹೊಡೆಯುವವರ ಮೇಲೆ ನಮಗೆ ಮುನಿಸಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಕಾರೆಲ್ ಪೊಬೊರ್ಸ್ಕಿ ನಾಲ್ಕು ಜನರ ನಡುವೆ ನುಗ್ಗಿ, ಗೋಲಿ ವಿಟೊರ್ ಬಾಯಿಯಾ ತಲೆಯ ಮೇಲೆ ಚೆಂಡನ್ನು ಕೊಡೆಯಂತೆ ಎತ್ತಿ ಇಳಿಸಿದ್ದನ್ನು ಎಷ್ಟು ಸಲ ನೋಡಿದರೂ ಸಾಲದು. ಆದರೆ ಆ ಗೋಲು ಬಿದ್ದದ್ದು 53ನೇ ನಿಮಿಷದಲ್ಲಿ. ಉಳಿದ ಮೂವತ್ತೇಳು ನಿಮಿಷ ಆ ಒಂದು ಗೋಲನ್ನು ಕಾಯ್ದವರು ಯಾರು?

ಲಿಬೆರೊ ಅಂದರೆ ಇಟಾಲಿಯನ್ ಭಾಷೆಯಲ್ಲಿ ‘ಬಿಡುವಾದವನು’. ಇಂಗ್ಲಿಷರು ಸ್ವೀಪರ್ ಅಂದರು. ಹೆಸರು ಕೇಳಿದರೆ ಹಿಂದೆ ನಿಂತು ಉಳಿದದ್ದನ್ನು ಗುಡಿಸುವ ಕೆಲಸ ಅನ್ನಿಸುತ್ತದೆ, ಅಲ್ಲಿಂದಲೇ ತಪ್ಪು ತಿಳಿವಳಿಕೆ ಶುರು. ಮೂವರು ಡಿಫೆಂಡರ್‌ಗಳಲ್ಲಿ ಇಬ್ಬರು ಎದುರಾಳಿಯ ಇಬ್ಬರು ಫಾರ್ವರ್ಡ್‌ಗಳಿಗೆ ಅಂಗಿಗೆ ಅಂಗಿ ತಾಗುವ ಹಾಗೆ ಅಂಟಿಕೊಂಡಿರುತ್ತಾರೆ. ಮೂರನೆಯವನಿಗೆ ಇಂಥವನನ್ನೇ ಹಿಡಿಯಬೇಕೆಂಬ ಕಟ್ಟಿಲ್ಲ. ಅದಕ್ಕೇ ಅವನ ಮೇಲೆ ಎಲ್ಲರ ಹೊಣೆ.

ಅವನು ಎಲ್ಲಿ ನಿಲ್ಲಬೇಕು? ಚೆಂಡಿನಿಂದ ಗೋಲಿನ ನಡುವಿಗೆ ಒಂದು ದಾರ ಎಳೆದರೆ ಆ ದಾರದ ಮೇಲೆ, ಮಾರ್ಕ್ ಮಾಡುವ, ಅಂದರೆ ಅಂಟಿಕೊಂಡಿರುವ, ಇಬ್ಬರಿಗಿಂತ ಕೆಲವು ಹೆಜ್ಜೆ ಹಿಂದೆ. ಎಷ್ಟು ಹೆಜ್ಜೆ ಎಂಬುದೇ ಇಡೀ ವಿದ್ಯೆ. ಫಾರ್ವರ್ಡ್ ವೇಗದ ಓಟಗಾರನಾದರೆ ಇನ್ನಷ್ಟು ಹಿಂದೆ, ಬೆನ್ನು ಕೊಟ್ಟು ಚೆಂಡು ಹಿಡಿಯುವ ಎತ್ತರದ ಆಳಾದರೆ ಹತ್ತಿರ. ಅತಿಯಾಗಿ ಹಿಂದೆ ಸರಿದರೆ ಎರಡು ಕೇಡು: ಆಫ್‌ಸೈಡ್ ಗೆರೆ (ಪಾಸ್ ಕೊಡುವ ಗಳಿಗೆಯಲ್ಲಿ ಫಾರ್ವರ್ಡ್ ದಾಟಿ ನಿಲ್ಲಬಾರದ ಗೆರೆ) ಅವನ ಜೊತೆ ಹಿಂದೆ ಹೋಗಿ ಎದುರಾಳಿಗೆ ಓಡಾಡಲು ಜಾಗ ಸಿಗುತ್ತದೆ, ಅವನಿಗೂ ಮಿಡ್‌ಫೀಲ್ಡ್‌ಗೂ ನಡುವೆ ಬಯಲು ಬಿದ್ದು, ಅಲ್ಲಿಂದ ದೂರದ ಹೊಡೆತ ಬರುತ್ತದೆ. ಅತಿಯಾಗಿ ಮುಂದೆ ಬಂದರೆ ಬೆನ್ನ ಹಿಂದೆ ಬಿದ್ದ ಒಂದೇ ಪಾಸ್ ಸಾಕು. ಮೈ ಯಾವಾಗಲೂ ಅರ್ಧ ತಿರುಗಿರಬೇಕು, ನೇರ ಚೆಂಡಿಗೆ ಎದೆ ಕೊಟ್ಟು ನಿಂತವನು ತಿರುಗಿ ಓಡುವಷ್ಟರಲ್ಲಿ ಎದುರಾಳಿ ಎರಡು ಮೀಟರ್ ಮುಂದೆ ಹೋಗಿರುತ್ತಾನೆ. ಚೆಂಡು ಬಲ ಅಂಚಿನಲ್ಲಿದ್ದಾಗ ಎಡ ಭುಜದ ಮೇಲಿಂದ ನೋಡುತ್ತಲೇ ಇರಬೇಕು, ಯಾಕೆಂದರೆ ದೂರದ ಕಂಬದ ಕಡೆಗೆ ಕಳ್ಳ ಹೆಜ್ಜೆಯಲ್ಲಿ ಬರುವವನನ್ನು ಅಂಟಿಕೊಂಡ ಇಬ್ಬರೂ ಕಾಣಲಾರರು.

ಇನ್ನು ಜೊತೆಗಾರ ಸೋತ ಗಳಿಗೆ. ಮಾರ್ಕ್ ಮಾಡುವವನನ್ನು ಎದುರಾಳಿ ದಾಟಿದ ಕೂಡಲೇ ಲಿಬೆರೊ ಹೋಗಬೇಕು. ಅರ್ಧ ಸೆಕೆಂಡ್ ಮುಂಚೆ ಹೋದರೆ ಒಂದೇ ಚೆಂಡಿಗೆ ಇಬ್ಬರು ಬಿದ್ದು ಹಿಂದೆ ಬಾಗಿಲು ತೆರೆದಂತೆ. ಅರ್ಧ ಸೆಕೆಂಡ್ ತಡವಾದರೆ ಚೆಂಡಿನ ಬದಲು ಕಾಲು ಸಿಗುತ್ತದೆ, ಪೆನಾಲ್ಟಿ. ಆಗ ದಾಟಿಸಿಕೊಂಡ ಮಾರ್ಕರ್ ಸುಮ್ಮನೆ ನಿಲ್ಲದೆ ಲಿಬೆರೊ ಬಿಟ್ಟ ಜಾಗಕ್ಕೆ ಓಡಬೇಕು. ಅವನನ್ನು ಹೆಸರು ಹಿಡಿದು ಕೂಗಿ ಓಡಿಸುವುದೂ ಲಿಬೆರೊ ಕೆಲಸವೇ. ಇಡೀ ಮೈದಾನ ಮುಖದ ಮುಂದೆ ಇರುವುದು ಅವನಿಗೆ ಮತ್ತು ಗೋಲಿಗೆ ಮಾತ್ರ. ಹಾಗಾಗಿ ಬಾಯಿ ಮುಚ್ಚಿಕೊಂಡ ಲಿಬೆರೊ ಅರ್ಧ ಲಿಬೆರೊ.

ಕಾಲ ಇನ್ನೊಂದು ಪರೀಕ್ಷೆಯನ್ನೂ ತಂದಿತು. 1992ರವರೆಗೆ ಒತ್ತಡ ಬಂದರೆ ಚೆಂಡನ್ನು ಗೋಲಿಗೆ ತಳ್ಳಿ, ಅವನು ಕೈಯಲ್ಲಿ ಹಿಡಿದುಕೊಂಡರೆ ಉಸಿರಾಡಬಹುದಿತ್ತು. ಆ ವರ್ಷ ಬ್ಯಾಕ್‌ಪಾಸ್ ನಿಯಮ ಬಂತು. ಜೊತೆಗಾರ ಕಾಲಿಂದ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ. ಗಟ್ಟಿಯಾಗಿ ಒದ್ದು ಗಂಡಾಂತರ ಕಳೆಯುವುದಷ್ಟೇ ಗೊತ್ತಿದ್ದ ಎಷ್ಟೋ ಹಳೆಯ ಡಿಫೆಂಡರ್‌ಗಳ ಬಂಡವಾಳ ಅಲ್ಲಿಗೆ ಮುಗಿಯಿತು. ಆಗ 28ರ ಕಡ್ಲೆಟ್ಸ್ ಮುಂದಿನ ಆರು ವರ್ಷ ಜರ್ಮನಿಯ ಕೈಸರ್ಸ್‌ಲೌಟರ್ನ್ ಕ್ಲಬ್‌ನಲ್ಲೇ ಆಡಿದರು. ಚೆಂಡು ಕಿತ್ತುಕೊಂಡ ಮೇಲೆ ತಲೆ ಎತ್ತಿ ನೋಡಿ ಪಾಸ್ ಕೊಡುವ ಅಭ್ಯಾಸ ಅವರಿಗೆ ನಿಯಮ ಬರುವ ಮೊದಲೇ ಇತ್ತು.

ಆ ಕ್ಲಬ್ಬಿನ ಕಥೆ ಹೇಳದಿದ್ದರೆ ನಿಮ್ಮ ಪತ್ರಕ್ಕೆ ಉತ್ತರ ಪೂರ್ತಿಯಾಗದು. ಮೊರಾವಿಯಾದ ಉಹೆರ್ಸ್ಕೆ ಹ್ರಾದಿಶ್ತ್ಯೆಯಲ್ಲಿ 1964ರಲ್ಲಿ ಹುಟ್ಟಿದ ಕಡ್ಲೆಟ್ಸ್, ಉಕ್ಕಿನ ಊರು ಒಸ್ತ್ರಾವಾದ ವಿಟ್ಕೊವಿತ್ಸೆ ಕ್ಲಬ್‌ನಲ್ಲಿ ಆಡಿ, 1990ರ ಇಟಲಿ ವಿಶ್ವಕಪ್‌ನಲ್ಲಿ ಚೆಕೊಸ್ಲೊವಾಕಿಯಾದ ಜೊತೆ ಕ್ವಾರ್ಟರ್‌ಫೈನಲ್ ಕಂಡು, ಅದೇ ವರ್ಷ ಕೈಸರ್ಸ್‌ಲೌಟರ್ನ್‌ಗೆ ಹೋದರು. ಗುಡ್ಡದ ನೆತ್ತಿಯ ಮೇಲೆ ಮೈದಾನವಿರುವ ಸಣ್ಣ ಊರು. ಮೊದಲ ಸೀಸನ್‌ನಲ್ಲೇ, 1991ರಲ್ಲಿ, ಬುಂಡೆಸ್‌ಲಿಗಾ (ಜರ್ಮನಿಯ ಮೇಲ್ದರ್ಜೆಯ ಲೀಗ್) ಪ್ರಶಸ್ತಿ.

ಆಮೇಲೆ 1996ರ ಆ 43 ದಿನಗಳು. ಮೇ 18ರಂದು ಲೀಗ್‌ನ ಕೊನೆಯ ದಿನ ಲೆವರ್‌ಕೂಸೆನ್‌ನಲ್ಲಿ ಕೈಸರ್ಸ್‌ಲೌಟರ್ನ್ 1-0 ಮುಂದಿತ್ತು. ಗೋಲು ಇನ್ನೊಬ್ಬ ಚೆಕ್ ಆಟಗಾರ ಪಾವೆಲ್ ಕುಕಾ ಅವರದು. 82ನೇ ನಿಮಿಷದಲ್ಲಿ ಲೆವರ್‌ಕೂಸೆನ್ ಸಮ ಮಾಡಿತು. ಕೈಸರ್ಸ್‌ಲೌಟರ್ನ್ ಎರಡನೇ ದರ್ಜೆಗೆ ಇಳಿಯಿತು, ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದಿದ್ದ ಆಂದ್ರೆಯಾಸ್ ಬ್ರೆಮೆ ಎದುರಾಳಿ ತಂಡದ ರೂಡಿ ಫೋಲರ್ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಏಳು ದಿನದ ನಂತರ, ಮೇ 25ರಂದು, ಅದೇ ಕ್ಲಬ್ ಕಾರ್ಲ್ಸ್‌ರೂಹೆ ವಿರುದ್ಧ 1-0 ಗೆದ್ದು ಜರ್ಮನ್ ಕಪ್ ಎತ್ತಿತು. ಜೂನ್ 30ರಂದು ಕಡ್ಲೆಟ್ಸ್ ವೆಂಬ್ಲಿಯಲ್ಲಿ ಜರ್ಮನಿ ವಿರುದ್ಧದ ಯೂರೋ ಫೈನಲ್‌ಗೆ ನಾಯಕರಾಗಿ ಇಳಿದರು. ಜರ್ಮನಿಯ ಬಿಯರ್‌ಹೋಫ್ ಹೊಡೆದದ್ದು ಡಿಫೆಂಡರ್‌ಗೆ ತಾಗಿ ಬಾಗಿ, ಕೌಬಾ ಕೈಗೆ ಸಿಕ್ಕೂ ಜಾರಿ ಒಳಗೆ ಹೋಯಿತು, 95ನೇ ನಿಮಿಷ, ಗೋಲ್ಡನ್ ಗೋಲ್. 90 ನಿಮಿಷದ ನಂತರದ ಆಟದಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಆಗಿನ ನಿಯಮದಂತೆ ಪಂದ್ಯ ಅಲ್ಲಿಗೇ ಮುಗಿಯಿತು.

ಇಷ್ಟಾದ ಮೇಲೆ ಯಾರಾದರೂ ದೊಡ್ಡ ಕ್ಲಬ್ ಹುಡುಕುತ್ತಾರೆ. ಕಡ್ಲೆಟ್ಸ್ ಎರಡನೇ ದರ್ಜೆಯಲ್ಲೇ ಉಳಿದರು, ಕುಕಾ ಕೂಡ. ಬಯರ್ನ್ ಮ್ಯೂನಿಕ್ ಕೆಲಸದಿಂದ ತೆಗೆದಿದ್ದ ಒಟ್ಟೊ ರೆಹಾಗೆಲ್ ಕೋಚ್ ಆಗಿ ಬಂದರು. 1997ರಲ್ಲಿ ಮೇಲೆ ಬಂದ ತಂಡದ ಮೊದಲ ಪಂದ್ಯವೇ ಬಯರ್ನ್ ಮನೆಯಂಗಳದಲ್ಲಿ, 1-0 ಗೆದ್ದರು. ಸೀಸನ್ ಮುಗಿದಾಗ ಕೈಸರ್ಸ್‌ಲೌಟರ್ನ್ 68 ಅಂಕ, ಬಯರ್ನ್ 66. ಕೆಳಗಿನಿಂದ ಬಂದ ವರ್ಷವೇ ಬುಂಡೆಸ್‌ಲಿಗಾ ಗೆದ್ದ ತಂಡ ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಆ ತಂಡದ ಲಿಬೆರೊ 33 ದಾಟಿದ ಕಡ್ಲೆಟ್ಸ್. ಆಮೇಲೆ ಊರಿಗೆ ಮರಳಿ ದ್ರ್ನೊವಿತ್ಸೆ ಎಂಬ ಎರಡು ಸಾವಿರ ಚಿಲ್ಲರೆ ಜನರ ಹಳ್ಳಿಯ ಕ್ಲಬ್‌ಗೆ ಆಡಿದರು. ಅದೂ ಆಗ ಚೆಕ್ ಲೀಗ್‌ನ ಮೇಲ್ದರ್ಜೆಯಲ್ಲಿತ್ತು.

ಲಿಬೆರೊ ಜಾಗವೇ ಈಗ ಇಲ್ಲ ಅಂದಿರಿ. ನಿಜ. 1990ರ ಹೊತ್ತಿಗೆ ಆಫ್‌ಸೈಡ್ ನಿಯಮ ಬದಲಾಗಿ, ಕೊನೆಯಿಂದ ಎರಡನೇ ಎದುರಾಳಿಗೆ ಸಮ ಸಾಲಿನಲ್ಲಿದ್ದ ಫಾರ್ವರ್ಡ್‌ಗೂ ಆಡಲು ಬಿಟ್ಟರು. ತಂಡಗಳು ಒಬ್ಬನೇ ಫಾರ್ವರ್ಡ್ ಇಡತೊಡಗಿದ ಮೇಲೆ ಅವನಿಗೆ ಇಬ್ಬರು ಮಾರ್ಕರ್, ಮೇಲೊಬ್ಬ ಲಿಬೆರೊ ಎಂದರೆ ಹಿಂದೆ ಆಳು ಹೆಚ್ಚು, ನಡುವೆ ಆಳು ಕಮ್ಮಿ. ನಾಲ್ವರು ಒಂದೇ ಸಾಲಿನಲ್ಲಿ ನಿಂತು ಜಾಗ ಕಾಯುವ ಪದ್ಧತಿ ಗೆದ್ದಿತು. ಆದರೆ ಜಾಗ ಹೋಯಿತೇ ಹೊರತು ಕೆಲಸ ಹೋಗಲಿಲ್ಲ. ಗೋಲಿ ಪೆಟ್ಟಿಗೆಯ ಹೊರಗೆ ಬಂದು ಬೆನ್ನ ಹಿಂದಿನ ಚೆಂಡು ಒದೆಯುವುದು, ನಡುವಿನ ಡಿಫೆಂಡರ್ ಚೆಂಡು ಹೊತ್ತು ಮುಂದೆ ನಡೆಯುವುದು, ಮಿಡ್‌ಫೀಲ್ಡರ್ ಒಬ್ಬ ಇಬ್ಬರು ಡಿಫೆಂಡರ್‌ಗಳ ನಡುವೆ ಇಳಿದು ಪಾಸ್ ಶುರು ಮಾಡುವುದು: ಒಬ್ಬನ ಕೆಲಸವನ್ನು ಮೂವರು ಹಂಚಿಕೊಂಡಿದ್ದಾರೆ.

ನಿಮ್ಮ ಪತ್ರ ಕೆಣಕಿದ ದೊಡ್ಡ ಸಂಕಟ ಇರುವುದು ಇಲ್ಲಿ. ವರ್ಷದ ಅತ್ಯುತ್ತಮ ಆಟಗಾರನಿಗೆಂದು 1956ರಲ್ಲಿ ಶುರುವಾದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಡಿಫೆಂಡರ್‌ಗಳ ಪೈಕಿ ಸಿಕ್ಕಿದ್ದು ಮೂವರಿಗೆ: ಬೆಕೆನ್‌ಬವರ್, ಸಾಮರ್, ಕನವಾರೊ. ಜರ್ಮನಿಯ ಲಿಬೆರೊ ಮಥಿಯಾಸ್ ಸಾಮರ್‌ಗೆ ಸಿಕ್ಕಿದ್ದು 1996ರಲ್ಲೇ, ಬ್ರೆಜಿಲಿನ ರೊನಾಲ್ಡೊಗಿಂತ ಒಂದೇ ಅಂಕ ಹೆಚ್ಚು ಪಡೆದು. ಅಂದರೆ ವೆಂಬ್ಲಿಯ ಆ ಫೈನಲ್‌ನಲ್ಲಿ ಎರಡೂ ಕಡೆ ಲಿಬೆರೊ ಇದ್ದರು. ಒಬ್ಬರು ಯುರೋಪಿನ ಅತ್ಯುತ್ತಮ ಆಟಗಾರರಾದರು, ಇನ್ನೊಬ್ಬರಿಗೆ ನಾವು ಒಂದು ಪುಟ ಕೊಟ್ಟದ್ದು ಹೆಚ್ಚಾಯಿತು ಅನ್ನುತ್ತಿದ್ದೀರಿ. ನಮ್ಮ ಕ್ರೀಡಾ ಪುಟಗಳನ್ನೇ ನೋಡಿ. ಅಂತರ ಶಾಲಾ ಪಂದ್ಯದ ವರದಿ ಬಂದರೂ ಗೋಲು ಹೊಡೆದವನ ಹೆಸರು, ನಿಮಿಷ ಇರುತ್ತದೆ. 1-0 ಗೆದ್ದ ತಂಡದ ಡಿಫೆಂಡರ್ ಹೆಸರು ಯಾವತ್ತೂ ಇರುವುದಿಲ್ಲ. ಟಿವಿ ಎರಡು ನಿಮಿಷದ ಮುಖ್ಯಾಂಶ ತೋರಿಸಿದರೆ, ಸರಿಯಾದ ಜಾಗದಲ್ಲಿ ಮೊದಲೇ ನಿಂತದ್ದರಿಂದ ಎದುರಾಳಿ ಕೊಡದೇ ಬಿಟ್ಟ ಪಾಸ್ ಅದರಲ್ಲಿ ಬರಲು ಸಾಧ್ಯವೇ ಇಲ್ಲ. ಆಟ ಬಾರದ ಹುಡುಗನನ್ನು ‘ಹಿಂದೆ ನಿಲ್ಲು’ ಅನ್ನುವ ಮೇಷ್ಟ್ರುಗಳು ತಲೆಮಾರುಗಳನ್ನೇ ಕೆಡಿಸಿದ್ದಾರೆ. ಮೈದಾನದ ಹೊರಗೂ ಹೀಗೇ. ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸಿದ ಪೌರಕಾರ್ಮಿಕರ ಫೋಟೊ ಯಾರೂ ಹಾಕುವುದಿಲ್ಲ. ನೀರು ನುಗ್ಗಿದ ಮೇಲೆ ದೋಣಿ ತಂದವರದ್ದು ಹಾಕುತ್ತಾರೆ. ನಾವೂ ಹಾಕಿದ್ದೇವೆ.

ಕಡ್ಲೆಟ್ಸ್ ಮಗನ ಸಂಗತಿ ಕೇಳಿ. ಮಿಖಲ್ ಕಡ್ಲೆಟ್ಸ್ ಕೂಡ ಡಿಫೆಂಡರ್. 2012ರ ಯೂರೋ, ಜೂನ್ 16, ವ್ರೊಟ್ಸ್ವಾಫ್. ಪೋಲೆಂಡ್ ವಿರುದ್ಧ ಚೆಕ್ 1-0 ಮುಂದೆ, 72ನೇ ನಿಮಿಷದ ಗೋಲು ಪೆತ್ರ್ ಯಿರಾಚೆಕ್‌ದು. 90 ನಿಮಿಷದ ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ಪೋಲೆಂಡಿನ ಬ್ವಾಷ್ಚಿಕೋವ್ಸ್ಕಿ ಗೋಲಿಯನ್ನು ದಾಟಿಸಿ ಎತ್ತಿದ ಚೆಂಡನ್ನು ಮಿಖಲ್ ಗೋಲು ಗೆರೆಯ ಮೇಲೆ ತಲೆಯಿಂದ ತಳ್ಳಿದರು. ಅದು ಒಳಗೆ ಹೋಗಿದ್ದರೆ? ಒಂದೇ ಗುಂಪಿನಲ್ಲಿದ್ದ ಚೆಕ್, ರಷ್ಯಾ, ಗ್ರೀಸ್ ಮೂರಕ್ಕೂ 4 ಅಂಕ. ಆ ಮೂವರ ನಡುವಿನ ಪಂದ್ಯಗಳಷ್ಟನ್ನೇ ತೆಗೆದರೂ ತಲಾ 3 ಅಂಕ. ಗೋಲು ವ್ಯತ್ಯಾಸ ನೋಡಿದರೆ ರಷ್ಯಾ ಎರಡು ಮೇಲೆ, ಗ್ರೀಸ್ ಸಮ, ರಷ್ಯಾ ಎದುರು 1-4 ಸೋತಿದ್ದ ಚೆಕ್ ಎರಡು ಕೆಳಗೆ. ಚೆಕ್ ಮನೆಗೆ ಹೋಗುತ್ತಿತ್ತು. ಬದಲಿಗೆ ಗುಂಪಿನಲ್ಲಿ ಮೊದಲ ಸ್ಥಾನ. ಪಂದ್ಯದ ಸ್ಕೋರ್ ಪಟ್ಟಿ ತೆಗೆದು ನೋಡಿ, ಇರುವುದು ಯಿರಾಚೆಕ್ 72 ಎಂದಷ್ಟೇ.

ಒಂದು ಕೆಲಸ ಮಾಡಿ. 1996ರ ಆ ಸೆಮಿಫೈನಲ್‌ನ ಪೂರ್ತಿ ಪಂದ್ಯದ ವಿಡಿಯೊ ಸಿಕ್ಕರೆ ದ್ವಿತೀಯಾರ್ಧದ ಮೊದಲ ಹದಿನೈದು ನಿಮಿಷ ಹಾಕಿಕೊಳ್ಳಿ. ಚೆಂಡನ್ನು ಬಿಟ್ಟು 5ನೇ ನಂಬರನ್ನು ಮಾತ್ರ ನೋಡಿ. ಅವರು ಎಷ್ಟು ಸಲ ಹಿಂದೆ ತಿರುಗಿ ನೋಡಿದರು, ಎಷ್ಟು ಸಲ ಕೈ ತೋರಿಸಿ ಯಾರನ್ನೋ ಸರಿಸಿದರು, ಎಷ್ಟು ಸಲ ಚೆಂಡಿಗೆ ಹೋಗದೆ ನಿಂತಲ್ಲೇ ನಿಂತರು, ಮೂರು ಗೀಟು ಹಾಕಿಕೊಂಡು ಎಣಿಸಿ. ಅಂಕಿ ಹುಡುಕುವುದರಲ್ಲಿ ನಿಮಗೆ ಆಸಕ್ತಿ ಇದೆ. ಈ ಮೂರು ಅಂಕಿ ಯಾವ ದಾಖಲೆ ಪುಸ್ತಕದಲ್ಲೂ ಸಿಗುವುದಿಲ್ಲ. ಬರೆದು ಕಳಿಸಿ, ಮುಂದಿನ ಸಂಚಿಕೆಯ ಪತ್ರಗಳ ಪುಟದಲ್ಲಿ ಅದನ್ನೇ ಮೊದಲು ಹಾಕುತ್ತೇವೆ.