ಸೊಂಟದಲ್ಲಿ ಎರಡು ಕತ್ತಿ, ಮನೆಯಲ್ಲಿ ಅಕ್ಕಿ ಸಾಲ

ಪ್ರಶ್ನೆ: ಜಪಾನಿನ ಸಿನಿಮಾಗಳಲ್ಲಿ ಸಮುರಾಯ್‌ಗಳು ಯಾವಾಗ ನೋಡಿದರೂ ಕಾದಾಡುತ್ತಿರುತ್ತಾರೆ. ಯುದ್ಧ ಇಲ್ಲದ ದಿನ ಅವರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು? ಡೈಮ್ಯೊಗೂ ಸಮುರಾಯ್‌ಗೂ ಏನು ವ್ಯತ್ಯಾಸ? ಡೈಮ್ಯೊ ಅಂದರೆ ನಮ್ಮ ಪಾಳೇಗಾರರ ಥರಾನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ಯುದ್ಧ ಇಲ್ಲದ ದಿನ’ ಅಂದಿರಲ್ಲ, ಅಂಥ ದಿನಗಳು ಇನ್ನೂರು ವರ್ಷಕ್ಕೂ ಜಾಸ್ತಿ ಇದ್ದವು! 1600ರಲ್ಲಿ ಸೆಕಿಗಹರಾ ಯುದ್ಧ ಗೆದ್ದ ತೊಕುಗಾವಾ ಇಯೆಯಾಸು 1603ರಲ್ಲಿ ಶೋಗುನ್, ಅಂದರೆ ದೇಶ ಆಳುವ ಸೇನಾಧಿಪತಿ ಆದ. 1637–38ರ ಶಿಮಾಬಾರಾ ದಂಗೆ ಅಡಗಿದ ಮೇಲೆ 1860ರ ದಶಕದವರೆಗೆ ದೇಶದೊಳಗೆ ದೊಡ್ಡ ಯುದ್ಧವೇ ಆಗಲಿಲ್ಲ. ಅಜ್ಜ, ಅಪ್ಪ, ಮಗ, ಮೊಮ್ಮಗ ಎಲ್ಲರೂ ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡೇ ಬದುಕಿದರು. ಅವುಗಳನ್ನು ಯುದ್ಧದಲ್ಲಿ ಒಮ್ಮೆಯೂ ಹಿರಿಯದೆ ತೀರಿಕೊಂಡವರೇ ಹೆಚ್ಚು.

ಅವರ ಹೊಟ್ಟೆ ತುಂಬಿಸಿದ್ದು ಅಕ್ಕಿ ಸಂಬಳ. ಜಪಾನಿನ ಆ ಕಾಲ ಅರ್ಥವಾಗಬೇಕಾದರೆ ‘ಕೊಕು’ ಅನ್ನೋ ಅಳತೆ ಗೊತ್ತಿರಬೇಕು. ಒಂದು ಕೊಕು ಅಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕೆ.ಜಿ. ಅಕ್ಕಿ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಇಷ್ಟು ಸಾಕು ಅನ್ನೋ ಲೆಕ್ಕ. 10,000 ಕೊಕು ಅಥವಾ ಅದಕ್ಕಿಂತ ಜಾಸ್ತಿ ಬೆಳೆಯುವ ಸೀಮೆಯನ್ನು ಶೋಗುನ್‌ನಿಂದ ಪಡೆದವನು ಡೈಮ್ಯೊ. ಇಂಥವರು 260ರಿಂದ 270 ಜನ ಇದ್ದರು. ಎಲ್ಲರಿಗಿಂತ ದೊಡ್ಡವರು ಕನಜಾವಾದ ಮಾಯೆದಾ ಮನೆತನದವರು. ಅವರ ಸೀಮೆ ಹತ್ತು ಲಕ್ಷ ಕೊಕುವಿಗೂ ಮೇಲೆ. ಇದು ಭೂಮಿಯ ಬೆಳೆ, ಡೈಮ್ಯೊನ ಕೈಗೆ ಬರುವ ಆದಾಯ ಅಲ್ಲ. ಹತ್ತರಲ್ಲಿ ನಾಲ್ಕೈದು ಪಾಲು ಕಂದಾಯವಾಗಿ ಬರುತ್ತಿತ್ತು. ಅದರಲ್ಲೇ ತನ್ನ ಸಮುರಾಯ್‌ಗಳಿಗೆಲ್ಲ ಸಂಬಳ ಕೊಡಬೇಕಿತ್ತು. ಹುಟ್ಟಿನಿಂದ ಡೈಮ್ಯೊ ಕೂಡ ಯೋಧ ಜಾತಿಯವನೇ. ಒಬ್ಬ ಒಡೆಯ, ಇನ್ನೊಬ್ಬ ಅವನ ಅನ್ನ ಉಂಡವನು, ಅಷ್ಟೇ ವ್ಯತ್ಯಾಸ.

ಕೋಟೆ, ಸೀಮೆ, ಸೈನ್ಯ ಇತ್ತು ಅನ್ನೋ ಮಟ್ಟಿಗೆ ಪಾಳೇಗಾರರ ಹೋಲಿಕೆ ಸರಿ. ಆದರೆ ಶೋಗುನ್ ಮನಸ್ಸು ಮಾಡಿದರೆ ಡೈಮ್ಯೊನನ್ನು ಒಂದು ಸೀಮೆಯಿಂದ ಎತ್ತಿ ಇನ್ನೊಂದು ಸೀಮೆಗೆ ವರ್ಗ ಮಾಡಬಹುದಿತ್ತು. ಆಗ ಅವನ ಸಮುರಾಯ್‌ಗಳೂ ಹೆಂಡತಿ ಮಕ್ಕಳ ಸಮೇತ ಗಂಟುಮೂಟೆ ಕಟ್ಟಿ ಹಿಂದೆ ಹೊರಡಬೇಕು. ಸ್ವಂತ ಹೊಲ ಇದ್ದಿದ್ದರೆ ಹೀಗೆ ಹೊರಡಿಸೋದು ಸುಲಭ ಇರಲಿಲ್ಲ, ಅಲ್ವಾ?

ಹೊಲ ಯಾಕೆ ಇರಲಿಲ್ಲ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1588ಕ್ಕೂ ಮುಂಚೆ ಉಳುಮೆ ಮಾಡುತ್ತಲೇ ಯುದ್ಧಕ್ಕೂ ಹೋಗುವವರು ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು. ಆ ವರ್ಷ, ಇಯೆಯಾಸುಗಿಂತ ಮುಂಚೆ ದೇಶ ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ರೈತರ ಕತ್ತಿ, ಈಟಿ, ಬಂದೂಕು ಎಲ್ಲವನ್ನೂ ಕಿತ್ತುಕೊಂಡ. ಕ್ಯೋತೊದಲ್ಲಿ ಕಟ್ಟಿಸುತ್ತಿರುವ ದೊಡ್ಡ ಬುದ್ಧನ ಗುಡಿಗೆ ಮೊಳೆ ಮಾಡಿಸುತ್ತೇನೆ, ನಿಮಗೂ ಪುಣ್ಯ ಬರುತ್ತದೆ ಅಂತ ಕಾರಣ ಹೇಳಿದ. 1591ರ ಇನ್ನೊಂದು ಆಜ್ಞೆ ಯೋಧರು ರೈತರೋ ವ್ಯಾಪಾರಿಗಳೋ ಆಗುವ ದಾರಿ ಮುಚ್ಚಿತು. ಇಷ್ಟೆಲ್ಲ ಮಾಡಿದ ಹಿದೆಯೋಶಿ ತಾನೇ ಬಡ ಕುಟುಂಬದಲ್ಲಿ ಹುಟ್ಟಿ ಮೇಲೆ ಬಂದವನು. ತಾನು ಹತ್ತಿದ ಏಣಿಯನ್ನು ಇನ್ನೊಬ್ಬರು ಹತ್ತದ ಹಾಗೆ ಎಳೆದುಕೊಂಡ. ಅಲ್ಲಿಂದ ಮುಂದೆ ಹೆಚ್ಚಿನ ಸಮುರಾಯ್‌ಗಳು ಊರು ಬಿಟ್ಟು ಕೋಟೆ ಪಟ್ಟಣ ಸೇರಿದರು. ಕಾವಲು, ಲೆಕ್ಕಪತ್ರ, ಕಂದಾಯ, ಪಹರೆ ಅಂತ ಅಕ್ಕಿ ಸಂಬಳದ ನೌಕರರಾದರು.

ಸಂಬಳ ಸಿಗುತ್ತಿದ್ದುದು ಹೇಗೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶೋಗುನ್ ಇದ್ದ ಎಡೊ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಪಹರೆ ಕೆಲಸದ ದೋಶಿನ್ ಅನ್ನೋ ಕೆಳದರ್ಜೆಯವನಿಗೆ ವರ್ಷಕ್ಕೆ ಸಾಮಾನ್ಯವಾಗಿ 30 ಮೂಟೆ ಅಕ್ಕಿ, ಜೊತೆಗೆ ಇಬ್ಬರ ಊಟದ ಅಕ್ಕಿ. ಒಂದು ಮೂಟೆ 50 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಶೋಗುನ್‌ನ ನೌಕರರಿಗೆ ಈ ಮೂಟೆ ಅಕ್ಕಿ ವರ್ಷಕ್ಕೆ ಮೂರು ಕಂತಲ್ಲಿ ಬರುತ್ತಿತ್ತು. ವಸಂತದಲ್ಲಿ ಕಾಲು ಭಾಗ, ಬೇಸಿಗೆಯಲ್ಲಿ ಕಾಲು, ಚಳಿಗಾಲಕ್ಕೆ ಮುಂಚೆ ಅರ್ಧ. ಅಸಾಕುಸಾದ ಸರ್ಕಾರಿ ಕಣಜದ ಮುಂದೆ ಹುಲ್ಲಿನ ಕಂತೆ ಇಟ್ಟಿರುತ್ತಿದ್ದರು. ಹೆಸರಿನ ಚೀಟಿಯನ್ನು ಬಿದಿರು ಕಡ್ಡಿಗೆ ಸಿಕ್ಕಿಸಿ ಆ ಕಂತೆಗೆ ಚುಚ್ಚಿ ಸರದಿಗೆ ಕಾಯಬೇಕು. ಈ ಕೆಲಸವನ್ನು ಅವರ ಪರವಾಗಿ ಮಾಡಿ, ಊಟಕ್ಕೆ ಬೇಕಾದ ಅಕ್ಕಿ ಮನೆಗೆ ತಲುಪಿಸಿ, ಮಿಕ್ಕಿದ್ದನ್ನು ಮಾರಿ ದುಡ್ಡು ಕೊಡುವ ದಲ್ಲಾಳಿಗಳು ಹುಟ್ಟಿಕೊಂಡರು. ಅವರ ಹೆಸರೇ ಫುದಸಾಶಿ. ಫುದ ಅಂದರೆ ಚೀಟಿ, ಸಾಶಿ ಅಂದರೆ ಚುಚ್ಚೋದು.

1724ರಲ್ಲಿ 109 ದಲ್ಲಾಳಿಗಳು ಸೇರಿ ಸಂಘ ಕಟ್ಟಿಕೊಂಡರು. ಅಷ್ಟೊತ್ತಿಗೆ ಸಾಲ ಕೊಡೋದೇ ಅವರ ದೊಡ್ಡ ಕಸುಬಾಗಿತ್ತು. ಮುಂದಿನ ಕಂತಿನ ಅಕ್ಕಿ ಮೇಲೆ ಸಾಲ, ಆಮೇಲೆ ಅದರ ಮುಂದಿನ ಕಂತಿನ ಮೇಲೂ ಸಾಲ. ಸಂಬಳ ಅಜ್ಜನ ಕಾಲದ್ದೇ, ಅಕ್ಕಿಯ ಬೆಲೆ ಇಳಿಯುತ್ತಿದೆ, ಎಣ್ಣೆ ಬಟ್ಟೆ ಬೆಲೆ ಇಳಿಯುತ್ತಿಲ್ಲ. ಇನ್ನೇನು ಮಾಡಿಯಾರು? 1789ರಲ್ಲಿ ಸರ್ಕಾರ 1784 ಮತ್ತು ಅದಕ್ಕೂ ಹಿಂದಿನ ಸಾಲವನ್ನೆಲ್ಲ ಮನ್ನಾ ಮಾಡಿತು. ಸಮುರಾಯ್ ಮನೆಗಳಲ್ಲಿ ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ದಲ್ಲಾಳಿಗಳು ಹೊಸ ಸಾಲ ಕೊಡೋದನ್ನೇ ನಿಲ್ಲಿಸಿಬಿಟ್ಟರು.

ಹಾಗಾಗಿ ಮನೆಯಲ್ಲಿ ಉಪಕಸುಬು ಬೇಕೇ ಬೇಕಾಯಿತು. ಕಾಗದದ ಕೊಡೆ ಮಾಡಿದರು, ಬಣ್ಣದ ಮೀನು ಸಾಕಿದರು. ಎಡೊದ ಒಕುಬೊದಲ್ಲಿದ್ದ ಬಂದೂಕು ಪಡೆಯವರು ಅಜೇಲಿಯಾ ಹೂಗಿಡ ಬೆಳೆಸಿ ಮಾರಿದರು. ನನ್ನ ಕಣ್ಣಿಗೆ ಇವರು ಯಾವ ರಣವೀರನಿಗೂ ಕಡಿಮೆಯಿಲ್ಲ.

ಇದೇ ಕಷ್ಟ ಒಂದಿಡೀ ಸೀಮೆಗೆ ಬಂದ ಕಥೆ ಯೊನೆಜಾವಾದ್ದು. ಅಲ್ಲಿನ ಡೈಮ್ಯೊಗಳಾದ ಉಯೆಸುಗಿ ಮನೆತನಕ್ಕೆ ಮೊದಲು 12 ಲಕ್ಷ ಕೊಕು ಇತ್ತು. ಸೆಕಿಗಹರಾ ಆದ ಮೇಲೆ ಅದು 3 ಲಕ್ಷಕ್ಕೆ ಇಳಿಯಿತು, 1664ರಲ್ಲಿ ಒಂದೂವರೆ ಲಕ್ಷಕ್ಕೆ. ಆದರೂ ನಂಬಿ ಬಂದವರನ್ನು ಬೀದಿಗೆ ಬಿಡಲಿಲ್ಲ. ಸಾವಿರಾರು ಸಮುರಾಯ್‌ಗಳಿಗೆ ತುಂಡು ಸಂಬಳ ಕೊಟ್ಟುಕೊಂಡೇ ಬಂದರು. ಎಷ್ಟೋ ಜನ ಪಟ್ಟಣದ ಹೊರಗೆ ನೆಲ ಅಗೆದು ಬೇಸಾಯಕ್ಕಿಳಿದರು. 1767ರಲ್ಲಿ ಹದಿಹರೆಯದ ಹಾರುನೋರಿ ಡೈಮ್ಯೊ ಆದ. ಮುಂದೆ ಯೋಜಾನ್ ಅಂತ ಹೆಸರಾದವನು ಇವನೇ. ಹತ್ತಿ ಬಟ್ಟೆ ಉಟ್ಟ, ಊಟಕ್ಕೆ ಒಂದು ಸಾರು ಒಂದು ಪಲ್ಯ ಅಂತ ತನಗೇ ಮೊದಲು ಕಟ್ಟು ಮಾಡಿಕೊಂಡ. ಸಮುರಾಯ್ ಮನೆಗಳ ಹೆಣ್ಣುಮಕ್ಕಳು ಮಗ್ಗಕ್ಕೆ ಕೂತರು. ಮನೆ ಬೇಲಿಗೆ ಉಕೋಗಿ ಅನ್ನೋ ಮುಳ್ಳುಗಿಡ ನೆಡಲು ಹೇಳಿದ. ಕಳ್ಳರಿಗೆ ತಡೆ, ಚಿಗುರು ಊಟಕ್ಕೆ.

ಪ್ರಶ್ನೆ: ಡೈಮ್ಯೊಗಳ ಹೆಂಡತಿಯರು ಗಂಡನ ಊರಲ್ಲಿ ಇರುತ್ತಲೇ ಇರಲಿಲ್ಲ ಅಂತ ಓದಿದೆ. ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಜ. 1635ರಲ್ಲಿ ಶೋಗುನ್ ಇಯೆಮಿತ್ಸು ಒಂದು ಕಟ್ಟಳೆ ತಂದ. ಡೈಮ್ಯೊ ಒಂದು ವರ್ಷ ಎಡೊದಲ್ಲಿ, ಒಂದು ವರ್ಷ ತನ್ನ ಸೀಮೆಯಲ್ಲಿ ಇರಬೇಕು. ಹೆಂಡತಿ ಮತ್ತು ಉತ್ತರಾಧಿಕಾರಿ ಮಗ ಮಾತ್ರ ಯಾವಾಗಲೂ ಎಡೊದಲ್ಲೇ. ಹೆಸರಿಗೆ ಬಿಡಾರ, ವಾಸ್ತವದಲ್ಲಿ ಒತ್ತೆ. ಗಂಡ ದಂಗೆ ಎದ್ದರೆ ಹೆಂಡತಿ ಮಗ ಶೋಗುನ್ ಕೈಯಲ್ಲಿ.

ಎಡೊ ದಾರಿಯ ಹಾಕೊನೆ ಗಡಿಕಟ್ಟೆಯಲ್ಲಿ ಎರಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು ಅಂತ ಪ್ರತೀತಿ: ಎಡೊ ಒಳಗೆ ಬರುವ ಬಂದೂಕು, ಎಡೊದಿಂದ ಹೊರಗೆ ಹೋಗುವ ಹೆಂಗಸು. ಹೆಂಗಸರ ತಪಾಸಣೆಗೆ ಹೆಂಗಸರೇ ಇದ್ದರು. ಮುಡಿ ಬಿಚ್ಚಿಸಿ, ರಹದಾರಿಯಲ್ಲಿ ಬರೆದಿರೋ ಗುರುತಿಗೆ ತಾಳೆ ನೋಡುತ್ತಿದ್ದರು.

ಖರ್ಚು ಬೇರೆ. ಕನಜಾವಾದಿಂದ ಎಡೊಗೆ ಸುಮಾರು 480 ಕಿ.ಮೀ., ಹನ್ನೆರಡು ಹದಿಮೂರು ದಿನದ ನಡಿಗೆ. ಮಾಯೆದಾ ಡೈಮ್ಯೊನ ಮೆರವಣಿಗೆಯಲ್ಲಿ 2,000ಕ್ಕೂ ಜಾಸ್ತಿ ಜನ ಇರುತ್ತಿದ್ದರು. ದಾರಿಯ ಛತ್ರದವರಿಗೆ, ಕೂಲಿಗಳಿಗೆ, ಕುದುರೆಯವರಿಗೆ ಒಳ್ಳೇ ಕಮಾಯಿ. ಡೈಮ್ಯೊನ ಖಜಾನೆ ಖಾಲಿ. ಆ ಹೊರೆ ಇಳಿದದ್ದು ಕೆಳಗಿನ ಸಮುರಾಯ್ ಮೇಲೆ. ‘ನಿನ್ನ ಸಂಬಳದಲ್ಲಿ ಅರ್ಧ ನನಗೆ ಸಾಲ ಕೊಡು’ ಅಂತ ಮುರಿದುಕೊಂಡ ಡೈಮ್ಯೊಗಳಿದ್ದರು. ಆ ಸಾಲ ವಾಪಸ್ ಬರುತ್ತದೆ ಅಂತ ಯಾರೂ ನಂಬಿರಲಿಲ್ಲ.

ಪ್ರಶ್ನೆ: ಸಮುರಾಯ್‌ಗಳು ಇದ್ದಕ್ಕಿದ್ದಂತೆ ಎಲ್ಲಿ ಹೋದರು? ಈಗ ನೋಡಲು ಏನಾದರೂ ಉಳಿದಿದೆಯೇ?
– ಓದುಗರೊಬ್ಬರು, ಮಸ್ಕತ್

ಉತ್ತರ: ಶೋಗುನ್ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಮೇಲೆ ಐದಾರು ವರ್ಷದಲ್ಲಿ ಎಲ್ಲಾ ಮುಗಿಯಿತು. 1871ರಲ್ಲಿ ಡೈಮ್ಯೊಗಳ ಸೀಮೆ ರದ್ದು. 1873ರಲ್ಲಿ ಎಲ್ಲ ಜಾತಿಯ ಗಂಡಸರಿಗೂ ಸೈನ್ಯದ ಕರೆ. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡೋದು ನಿಷೇಧ, ಅದೇ ವರ್ಷ ಅಕ್ಕಿ ಸಂಬಳದ ಬದಲು ಸರ್ಕಾರಿ ಸಾಲಪತ್ರ. 1877ರಲ್ಲಿ ಸೈಗೊ ತಕಾಮೊರಿಯ ನೇತೃತ್ವದಲ್ಲಿ ದಂಗೆ ಎದ್ದ ಸಮುರಾಯ್‌ಗಳನ್ನು ಸೋಲಿಸಿದ್ದು ರೈತರ ಮಕ್ಕಳೂ ಇದ್ದ ಹೊಸ ಸೈನ್ಯ.

ಟೋಕಿಯೊಗೆ ಹೋದರೆ ಕೋಟೆ ನೋಡಿ, ಜೊತೆಗೆ ಊರ ಹೆಸರುಗಳನ್ನೂ ಗಮನಿಸಿ. ಕುರಾಮಾಯೆ ಅಂದರೆ ‘ಕಣಜದ ಮುಂದೆ’, ಚೀಟಿ ಚುಚ್ಚಿ ಕಾಯುತ್ತಿದ್ದ ಜಾಗ. ಒಕುಬೊ ಪಕ್ಕದ ಹ್ಯಾಕುನಿಂಚೊ ಅಂದರೆ ‘ನೂರು ಜನರ ಕೇರಿ’, ಹೂಗಿಡ ಬೆಳೆಸಿದ ಬಂದೂಕಿನವರು ಇದ್ದದ್ದು ಅಲ್ಲೇ. ಆ ಕೇರಿ ಇರುವ ಶಿಂಜುಕು ವಾರ್ಡು ತನ್ನ ಹೂವಾಗಿ ಆರಿಸಿಕೊಂಡಿರುವುದು ಅಜೇಲಿಯಾವನ್ನೇ. ಯೊನೆಜಾವಾದಲ್ಲಿ ಉಕೋಗಿ ಬೇಲಿಗಳು ಈಗಲೂ ಇವೆ. ವಸಂತದಲ್ಲಿ ಹೋದರೆ ಚಿಗುರು ಬೆರೆಸಿದ ಅನ್ನ ಸಿಗುತ್ತದೆ, ಸ್ವಲ್ಪ ಕಹಿ ಇರುತ್ತದೆ.