ಪ್ರತಿಕ್ರಿಯೆ: ಕೊಳವೆಬಾವಿ ನೀರು ಮತ್ತು ಆರ್ಸೆನಿಕ್
ಮಾನ್ಯರೇ, ಸುರಪುರ ಸೀಮೆಯ ಕೊಳವೆಬಾವಿಯ ನೀರನ್ನು ಕುದಿಸಿದರೆ ಆರ್ಸೆನಿಕ್ ಎಂಬ ವಿಷವಸ್ತು ಹೋಗುವುದೇ ಎಂದು ಕೇಳಿದ್ದೀರಿ. ಖಂಡಿತ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯದು. ಹಳೆಯ ಚಿನ್ನದ ಗಣಿಗೆ ಸಮೀಪದ ಕಿರದಳ್ಳಿ ತಾಂಡಾದ ಜನ ಈ ವಿಷದಿಂದ ಬಳಲಿದ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ. ಪ್ರಯೋಗಾಲಯಕ್ಕೆ ಮಾದರಿ ಕೊಡುವಾಗ ಆರ್ಸೆನಿಕ್ ಮತ್ತು ಫ್ಲೋರೈಡ್ ಎರಡನ್ನೂ ಹೆಸರಿಸಿಯೇ ಕೇಳಿರಿ, ಏಕೆಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಆರ್ಸೆನಿಕ್ ಅನೇಕ ವೇಳೆ ಬಿಟ್ಟುಹೋಗುತ್ತದೆ. ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಿದ್ದರೆ, ಕುಡಿಯಲು ಮಾತ್ರವಲ್ಲ, ಅನ್ನ ಬೇಳೆ ಬೇಯಿಸಲೂ ಆ ನೀರು ಬೇಡ. ಅಂಗೈ, ಅಂಗಾಲಿನ ಚರ್ಮ ಗಂಟುಗಂಟಾಗಿ ದಪ್ಪಗಾಗಿದ್ದರೆ ದಯವಿಟ್ಟು ಚರ್ಮವೈದ್ಯರಿಗೆ ತೋರಿಸಿರಿ, ನೀರಿನ ವಿಷಯವನ್ನೂ ಅವರಿಗೆ ಹೇಳಿರಿ.